ಒಳ್ಳೆ ಡಿಫೆಂಡರ್ ಹುಡುಗಿ ಸಿಕ್ಕಿದ್ದಾಳೆ, ಮುಂದೇನು?

ಫುಟ್‌ಬಾಲ್‌ನಲ್ಲಿ ಗೋಲ್ ಹೊಡೆದವಳ ಫೋಟೋ ಅವತ್ತು ಸಂಜೆಯೇ ವಾಟ್ಸಾಪ್ ಸ್ಟೇಟಸ್‌ಗೆ ಬರುತ್ತದೆ. ಹಿಂದೆ ನಿಂತು ಮೂರ್ನಾಲ್ಕು ಗೋಲ್ ತಡೆದವಳು ಯಾರು ಅಂತ ಅವಳ ಮನೆಯವರಿಗೇ ಗೊತ್ತಿರುವುದಿಲ್ಲ. ಸ್ಟ್ರೈಕರ್ ಸುಧಾರಿಸಿದ್ದಾಳಾ ಅಂತ ಕೇಳಿದರೆ ಗೋಲ್ ಎಣಿಸಿ ಹೇಳಬಹುದು. ಡಿಫೆಂಡರ್ ಸುಧಾರಿಸಿದ್ದಾಳಾ ಅಂತ ಕೇಳಿದರೆ ಏನು ಎಣಿಸುವುದು? ಆಗದೇ ಹೋದದ್ದನ್ನು ಎಣಿಸಬೇಕು, ಅದು ಕಣ್ಣಿಗೆ ಬೀಳಲ್ಲ. ಅದಕ್ಕೇ ಒಳ್ಳೆ ಡಿಫೆಂಡರ್ ಹುಡುಗಿಯರು ನಮ್ಮ ಕಡೆ ಸುಮ್ನೆ ಕಳೆದುಹೋಗುತ್ತಾರೆ. ಯಾರೋ ಒಬ್ಬರು "ಇವಳು ಗಟ್ಟಿ ಇದ್ದಾಳೆ, ಹಿಂದೆ ನಿಲ್ಲಿಸಿ" ಅಂತಾರೆ. ಎರಡು ವರ್ಷ ಅಲ್ಲೇ ನಿಂತು ಬಾಲ್ ದೂರ ಒದೆಯುತ್ತಾಳೆ. ಆಮೇಲೆ ಪಿಯುಸಿ, ಆಮೇಲೆ ಆಟ ಬಂದ್.

ಇದು ಕಲಬುರಗಿಯಲ್ಲಿ ಹುಡುಗಿಯರ ಕ್ಲಬ್ ನಡೆಸುವವರಿಗೆ, ಶಾಲೆಯ ಪಿಟಿ ಸರ್-ಮೇಡಂಗಳಿಗೆ, ಮಗಳು ಆಡುತ್ತಿರುವ ಮನೆಯವರಿಗೆ ಬರೆದದ್ದು. ಹುಡುಗಿಗೆ 13ರಿಂದ 17 ವರ್ಷ, ಆಟದಲ್ಲಿ ಏನೋ ಇದೆ ಅಂತ ಅನಿಸಿದೆ, ಆದರೆ ಮುಂದೆ ಹೇಗೆ ಅಂತ ಗೊತ್ತಿಲ್ಲ. ಅಂಥವರು ಓದಿ.

ಮೊದಲು, ಯಾರನ್ನು ಹಿಂದೆ ನಿಲ್ಲಿಸಬೇಕು

ಎತ್ತರ ಇದ್ದವಳನ್ನು, ಇಲ್ಲ ಓಡಲು ಆಗದವಳನ್ನು, ಇಲ್ಲ ಬಾಲ್ ಜೋರಾಗಿ ಒದೆಯುವವಳನ್ನು ಬ್ಯಾಕ್ ಆಡಿಸುವ ಅಭ್ಯಾಸ ಬಿಟ್ಟುಬಿಡಿ. ಒಂದು ಪಂದ್ಯ ಪೂರ್ತಿ ಬಾಲ್ ನೋಡದೆ ಹುಡುಗಿಯರ ಕುತ್ತಿಗೆ ನೋಡಿ. ಬಾಲ್ ದೂರ ಇದ್ದಾಗ ಎಡಕ್ಕೆ ಬಲಕ್ಕೆ ತಿರುಗಿ ಯಾರು ಎಲ್ಲಿದ್ದಾರೆ ಅಂತ ನೋಡುವವಳು ಒಬ್ಬಳು ಇರುತ್ತಾಳೆ. ಅವಳೇ ನಿಮ್ಮ ಡಿಫೆಂಡರ್. ಇನ್ನೊಂದು ಗುರುತು: ತನ್ನ ಕಾಲಿಂದ ಬಾಲ್ ಹೋದ ಮೇಲೆ ಏನು ಮಾಡುತ್ತಾಳೆ? ಕೈ ಚೆಲ್ಲಿ ನಿಲ್ಲುತ್ತಾಳೋ, ವಾಪಸ್ ಓಡುತ್ತಾಳೋ?

ನಮ್ಮ ಭಾಗದಲ್ಲಿ ಇನ್ನೊಂದು ಅನುಕೂಲ ಇದೆ, ಅದನ್ನು ಯಾರೂ ಸರಿಯಾಗಿ ಬಳಸಲ್ಲ. ಆಳಂದ, ಸೇಡಂ, ಚಿತ್ತಾಪುರ, ಜೇವರ್ಗಿ ಕಡೆಯ ಸರ್ಕಾರಿ ಶಾಲೆಗಳಲ್ಲಿ ಹುಡುಗಿಯರು ಕಬಡ್ಡಿ, ಖೋಖೋ ಆಡಿಕೊಂಡೇ ಬೆಳೆದಿರುತ್ತಾರೆ. ಕಬಡ್ಡಿ ಆಡಿದ ಹುಡುಗಿಗೆ ಮಂಡಿ ಬಗ್ಗಿಸಿ ನಿಲ್ಲುವುದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ರೇಡರ್ ಮೊದಲು ಹೆಜ್ಜೆ ಇಡಲಿ, ಆಮೇಲೆ ಹಿಡಿಯೋಣ ಅಂತ ಕಾಯುವುದೂ ಅವಳಿಗೆ ಗೊತ್ತು. ಖೋಖೋ ಹುಡುಗಿ ಓಡುತ್ತಲೇ ಗಕ್ಕನೆ ದಿಕ್ಕು ಬದಲಿಸುತ್ತಾಳೆ. ಡಿಫೆನ್ಸ್‌ನಲ್ಲಿ ಅರ್ಧ ಕೆಲಸ ಇವೆರಡೇ. ಕಾಲಲ್ಲಿ ಬಾಲ್ ಆಡಿಸುವುದು ಅವಳಿಗೆ ತಡವಾಗಿ ಬರಬಹುದು, ಬರಲಿ ಬಿಡಿ. ನಾನಾದರೆ ಬಾಲ್ ಜಗ್ಲಿಂಗ್ ಐವತ್ತು ಮಾಡುವವಳಿಗಿಂತ ಈ ಹುಡುಗಿಯನ್ನೇ ಮೊದಲು ಆರಿಸುತ್ತೇನೆ.

ಕಾಲು ಹಾಕಬೇಡ, ನಿಲ್ಲು

ಹೊಸ ಡಿಫೆಂಡರ್‌ಗಳದ್ದೆಲ್ಲ ಒಂದೇ ತೊಂದರೆ. ಬಾಲ್ ಕಂಡ ಕೂಡಲೇ ಹಾರಿಬಿದ್ದು ಕಾಲು ಹಾಕುತ್ತಾರೆ. ಸುತ್ತ ನಿಂತವರು ಬೇರೆ "ತಗೋ, ತಗೋ, ಬಿಡಬ್ಯಾಡ" ಅಂತ ಕೂಗುತ್ತಾರೆ. ಬಾಲ್ ಸಿಕ್ಕರೆ ಚಪ್ಪಾಳೆ, ಸಿಗದಿದ್ದರೆ ಎದುರಾಳಿ ನೇರ ಗೋಲ್ ಮುಂದೆ. ಟ್ಯಾಕಲ್, ಅಂದರೆ ಕಾಲು ಹಾಕಿ ಬಾಲ್ ಕಸಿಯುವುದನ್ನು ಕಲಿಸುವ ಮೊದಲು ಟ್ಯಾಕಲ್ ಮಾಡದೆ ಇರುವುದನ್ನು ಕಲಿಸಿ. ಮೊದಲ ಎರಡು ಮೂರು ತಿಂಗಳು ಇದೊಂದೇ ಸಾಕು.

ಹೀಗೆ ಮಾಡಿಸಿ. ಹತ್ತು ಹನ್ನೆರಡು ಮೀಟರ್ ಉದ್ದ, ಐದಾರು ಮೀಟರ್ ಅಗಲದ ಒಂದು ಓಣಿ ಗುರುತು ಮಾಡಿ. ಕೋನ್ ಇಲ್ಲದಿದ್ದರೆ ಚಪ್ಪಲಿ ಇಡಿ, ಯಾರೂ ಏನೂ ಅನ್ನಲ್ಲ. ಒಂದು ತುದಿಯಿಂದ ಒಬ್ಬಳು ಬಾಲ್ ತರುತ್ತಾಳೆ, ಇನ್ನೊಂದು ತುದಿಯಿಂದ ನಮ್ಮ ಡಿಫೆಂಡರ್ ಬರುತ್ತಾಳೆ. ಬರುವಾಗ ಮೊದಲು ಜೋರಾಗಿ ಓಡಬೇಕು, ಹತ್ತಿರ ಬಂದಂತೆ ಹೆಜ್ಜೆ ಚಿಕ್ಕದು ಮಾಡಬೇಕು. ಒಂದು ಕೈ ಅಳತೆಯ ದೂರದಲ್ಲಿ ನಿಲ್ಲಬೇಕು. ಎದೆ ಎದುರಾಳಿಗೆ ನೇರ ಕೊಟ್ಟು ನಿಂತರೆ ಬಾಲ್ ಕಾಲ ಸಂದಿಯಲ್ಲಿ ಹೋಗುತ್ತದೆ, ಅದಕ್ಕೆ ಸ್ವಲ್ಪ ಓರೆಯಾಗಿ, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ, ಮಂಡಿ ಬಗ್ಗಿಸಿ. ಕಣ್ಣು ಬಾಲ್ ಮೇಲೆ. ಎದುರಾಳಿಯ ಸೊಂಟ, ಭುಜ, ಮುಖ ನೋಡಿದರೆ ಮೋಸ ಹೋಗುತ್ತಾಳೆ, ಬಾಲ್ ಮೋಸ ಮಾಡಲ್ಲ. ಈಗ ಶರತ್ತು: ನಾಲ್ಕು ಎಣಿಸುವವರೆಗೆ ಕಾಲು ಹಾಕುವಂತಿಲ್ಲ. ಪಕ್ಕದಲ್ಲಿ ನಿಂತ ಹುಡುಗಿಯರೇ ಜೋರಾಗಿ ಎಣಿಸಲಿ. ನಾಲ್ಕು ಆಗುವವರೆಗೆ ಎದುರಾಳಿಯನ್ನು ನಿಧಾನ ಮಾಡಿ, ಗೋಲ್‌ನಿಂದ ಹೊರಗಡೆಗೆ, ಸೈಡ್‌ಲೈನ್ ಕಡೆಗೆ ದಬ್ಬಿಕೊಂಡು ಹೋಗಬೇಕು. ಕೈಯಿಂದ ದಬ್ಬುವುದಲ್ಲ ಮತ್ತೆ, ನಿಂತ ಜಾಗದಿಂದ.

ಈ ನಾಲ್ಕು ಸೆಕೆಂಡಿನಲ್ಲಿ ನಿಜವಾದ ಪಂದ್ಯದಲ್ಲಿ ಏನಾಗುತ್ತದೆ ಅಂತ ಅವಳಿಗೆ ಹೇಳಿ: ಮಿಡ್‌ಫೀಲ್ಡ್‌ನಿಂದ ಇಬ್ಬರು ವಾಪಸ್ ಬರುತ್ತಾರೆ. ಅವಳು ಬಾಲ್ ಕಸಿಯದಿದ್ದರೂ ಪರವಾಗಿಲ್ಲ, ಅಷ್ಟರಲ್ಲಿ ಅಪಾಯ ದಾಟಿರುತ್ತದೆ.

ಹಾಗಾದರೆ ಕಾಲು ಯಾವಾಗ ಹಾಕಬೇಕು? ಎದುರಾಳಿಯ ಟಚ್ ಉದ್ದ ಹೋಗಿ ಬಾಲ್ ಅವಳ ಕಾಲಿಂದ ದೂರ ಆದಾಗ. ಇಲ್ಲವೇ ತನ್ನ ಹಿಂದೆ ಇನ್ನೊಬ್ಬ ಬ್ಯಾಕ್ ನಿಂತಿರುವುದು ಖಚಿತ ಇದ್ದಾಗ. ಎದುರಾಳಿ ನಮ್ಮ ಗೋಲ್‌ಗೆ ಬೆನ್ನು ಹಾಕಿ ನಿಂತಿದ್ದರೆ ಟ್ಯಾಕಲ್ ಬೇಡವೇ ಬೇಡ, ಅವಳು ತಿರುಗದ ಹಾಗೆ ಹತ್ತಿರ ನಿಂತರೆ ಸಾಕು, ಬಾಲ್ ತಾನೇ ಹಿಂದಕ್ಕೆ ಹೋಗುತ್ತದೆ. ಬೆನ್ನಿಗೆ ಬಡಿದು ಫೌಲ್ ಕೊಡುವುದು ಮಾತ್ರ ಶುದ್ಧ ನಷ್ಟ, ಅದೂ 16.5 ಮೀಟರಿನ ಪೆನಾಲ್ಟಿ ಬಾಕ್ಸ್ ಒಳಗಾದರೆ ಕೇಳೋದೇ ಬೇಡ.

ಸ್ಲೈಡಿಂಗ್ ಟ್ಯಾಕಲ್ ಎಲ್ಲಕ್ಕಿಂತ ಕೊನೆಗೆ. ಯೂಟ್ಯೂಬ್‌ನಲ್ಲಿ ಚೆಂದ ಕಾಣುತ್ತದೆ ನಿಜ. ಅಲ್ಲಿ ಹುಲ್ಲು ಇದೆ, ಇಲ್ಲಿ ಎರೆ ಮಣ್ಣು ಒಣಗಿ ಕಲ್ಲಾಗಿರುತ್ತದೆ. ತೊಡೆ ಕೆತ್ತಿಹೋಗಿ ಎರಡು ವಾರ ಆಟ ಇಲ್ಲ. ಕಲಿಸುವುದಾದರೆ ಮಳೆ ಬಿದ್ದು ನೆಲ ಮೆತ್ತಗಾದ ದಿನ, ಉದ್ದ ಪ್ಯಾಂಟ್ ಹಾಕಿಸಿ ಕಲಿಸಿ.

ಬಾಯಿ ಬಿಡಿಸುವುದು

ಇದನ್ನು ಯಾವ ಕೋಚಿಂಗ್ ಚಾರ್ಟ್‌ನಲ್ಲೂ ದೊಡ್ಡ ಅಕ್ಷರದಲ್ಲಿ ಬರೆಯಲ್ಲ. ನಮ್ಮ ಹುಡುಗಿಯರ ಮಟ್ಟಿಗೆ ಇದು ಅತಿ ದೊಡ್ಡ ವಿಷಯ. ಮನೆಯಲ್ಲಿ, ಓಣಿಯಲ್ಲಿ, ಕ್ಲಾಸಿನಲ್ಲಿ "ಮೆಲ್ಲಗ ಮಾತಾಡು" ಅಂತ ಹೇಳಿಸಿಕೊಂಡು ಬೆಳೆದವಳನ್ನು ಒಂದು ದಿನ ಗೋಲ್ ಮುಂದೆ ನಿಲ್ಲಿಸಿ "ಕೂಗು" ಅಂದರೆ ಹೇಗೆ ಕೂಗುತ್ತಾಳೆ? ಆದರೆ ಡಿಫೆಂಡರ್‌ಗೆ ಇಡೀ ಮೈದಾನ ಕಾಣುತ್ತದೆ. ಮುಂದಿನವರಿಗೆ ತಮ್ಮ ಬೆನ್ನ ಹಿಂದೆ ಏನಿದೆ ಕಾಣಲ್ಲ. ಅವಳು ಹೇಳದಿದ್ದರೆ ಯಾರು ಹೇಳಬೇಕು?

ನಮ್ಮ ಟೀಮುಗಳಲ್ಲಿ ಕನ್ನಡದವರು, ದಖನಿ ಉರ್ದು ಮನೆಯವರು, ತಾಂಡಾದಿಂದ ಬರುವವರು, ಮರಾಠಿ, ತೆಲುಗು ಎಲ್ಲ ಇರುತ್ತಾರೆ. ಗಡಿಬಿಡಿಯಲ್ಲಿ ಒಬ್ಬಳು "ನಂದು" ಅಂತಾಳೆ, ಇನ್ನೊಬ್ಬಳು "ಮೇರಾ" ಅಂತಾಳೆ, ಇಬ್ಬರೂ ಬಾಲ್ ಬಿಟ್ಟು ನಿಲ್ಲುತ್ತಾರೆ. ಅದಕ್ಕೆ ಐದಾರು ಕೂಗು ಮೊದಲೇ ಗೊತ್ತು ಮಾಡಿಕೊಳ್ಳಿ, ಎಲ್ಲರೂ ಅದನ್ನೇ ಬಳಸಬೇಕು. ಬಾಲ್ ತಾನು ತಗೊಳ್ಳುವಾಗ ಒಂದು, ಕೀಪರ್‌ಗೆ ಬಿಡುವಾಗ ಒಂದು, ಬೆನ್ನ ಹಿಂದೆ ಎದುರಾಳಿ ಬಂದಾಗ ಒಂದು, ತಿರುಗಲು ಟೈಮ್ ಇದೆ ಅನ್ನಲು ಒಂದು, ಲೈನ್ (ಡಿಫೆಂಡರ್‌ಗಳ ಸಾಲು) ಮುಂದೆ ಹೋಗಲು ಒಂದು. ಯಾವ ಭಾಷೆಯಾದರೂ ಸರಿ, ಎರಡು ಅಕ್ಷರಕ್ಕಿಂತ ಜಾಸ್ತಿ ಬೇಡ. ಮತ್ತೆ ಹೆಸರು ಕೂಗಿ ಹೇಳಬೇಕು. ಸುಮ್ನೆ "ಬಾ, ಬಾ" ಅಂದರೆ ಯಾರು ಬರಬೇಕು?

ಅಭ್ಯಾಸಕ್ಕೆ ಒಂದು ಆಟ: ಡಿಫೆಂಡರ್‌ಗಳನ್ನು ಬಿಟ್ಟು ಉಳಿದ ಯಾರೂ ಮಾತಾಡುವಂತಿಲ್ಲ. ಹತ್ತು ನಿಮಿಷ ಹಾಗೆ ಆಡಿಸಿ. ಮೊದಲ ಸಲ ಮೈದಾನ ಪೂರ್ತಿ ಮೌನ, ಆಮೇಲೆ ನಗು. ಒಂದೆರಡು ವಾರಕ್ಕೆ ದನಿ ಬರುತ್ತದೆ. ಹಿರಿಯ ಹುಡುಗಿಯರಿಗೆ ಒಂದು ಮಾತು ಮೊದಲೇ ಹೇಳಿಡಿ, ಚಿಕ್ಕವಳು ಹೆಸರು ಹಿಡಿದು ಕೂಗಿದರೆ ಸಿಟ್ಟಾಗಬಾರದು ಅಂತ. ಮೈದಾನದ ಒಳಗೆ ಅಕ್ಕ ಇಲ್ಲ, ಹೊರಗೆ ಬಂದ ಮೇಲೆ ಅಕ್ಕ. ಇದು ಇತ್ಯರ್ಥ ಆಗದಿದ್ದರೆ 14ರ ಹುಡುಗಿ 20ರ ಮಿಡ್‌ಫೀಲ್ಡರ್‌ಗೆ ಯಾವತ್ತೂ ಏನೂ ಹೇಳಲ್ಲ.

ಲೈನ್, ಆಫ್‌ಸೈಡ್, ಜೊತೆಗಾರ್ತಿ

ಆಫ್‌ಸೈಡ್ ನಿಯಮವನ್ನು (ಪಾಸ್ ಹೊರಡುವಾಗ ಬಾಲ್‌ಗಿಂತಲೂ, ನಮ್ಮ ಕೊನೆಯಿಂದ ಎರಡನೆಯವಳಿಗಿಂತಲೂ ನಮ್ಮ ಗೋಲ್‌ಗೆ ಹತ್ತಿರ ಇದ್ದ ಎದುರಾಳಿ ಆ ಬಾಲ್ ಆಡುವಂತಿಲ್ಲ) ಕೂತು ಪಾಠ ಮಾಡಿ, ಮೈದಾನದಲ್ಲಿ ಬೈದು ಕಲಿಸಬೇಡಿ. ಮೂರು ವಿಷಯ ಗಟ್ಟಿ ಆಗಬೇಕು. ಬಾಲ್ ಕಾಲಿಂದ ಹೊರಟ ಕ್ಷಣ ಎದುರಾಳಿ ಎಲ್ಲಿದ್ದಳು ಅನ್ನುವುದೇ ಲೆಕ್ಕ, ಬಾಲ್ ತಲುಪಿದಾಗಿನದ್ದಲ್ಲ. ತನ್ನದೇ ಅರ್ಧದಲ್ಲಿ ಇರುವವಳು ಆಫ್‌ಸೈಡ್ ಆಗಲ್ಲ. ಥ್ರೋ, ಗೋಲ್ ಕಿಕ್, ಕಾರ್ನರ್‌ನಿಂದ ನೇರವಾಗಿ ಬಾಲ್ ಬಂದರೆ ಆಫ್‌ಸೈಡ್ ಇಲ್ಲ. ಈ ಮೂರನೆಯದನ್ನು ಮರೆತು ಥ್ರೋ ಆದಾಗ ಕೈ ಎತ್ತಿ ನಿಂತ ಡಿಫೆನ್ಸ್‌ಗಳನ್ನು ಜಿಲ್ಲಾ ಮಟ್ಟದ ಪಂದ್ಯಗಳಲ್ಲಿ ಬೇಕಾದಷ್ಟು ನೋಡಬಹುದು. ಕೈ ಎತ್ತುವ ಚಟವನ್ನೇ ಬಿಡಿಸಿ. ಸೀಟಿ ಊದುವವರೆಗೆ ಆಡಬೇಕು.

ಲೈನ್ ಯಾವಾಗ ಮುಂದೆ ಹೋಗಬೇಕು, ಯಾವಾಗ ಹಿಂದೆ ಬರಬೇಕು? ಎದುರಾಳಿ ಬಾಲ್ ಹಿಂದಕ್ಕೆ ಕೊಟ್ಟರೆ, ಅಥವಾ ಅವಳ ಮೇಲೆ ನಮ್ಮವರು ಬಿದ್ದು ತಲೆ ಎತ್ತಲು ಬಿಡದಿದ್ದರೆ, ಮುಂದೆ. ಬಾಲ್ ಇದ್ದವಳು ತಲೆ ಎತ್ತಿ ಆರಾಮಾಗಿ ನೋಡುತ್ತಿದ್ದರೆ ಮುಂದಿನದು ಉದ್ದ ಪಾಸೇ, ಆಗ ಪಾಸ್ ಹೊರಡುವ ಮೊದಲೇ ಹಿಂದೆ ಸರಿಯಬೇಕು. ಇದನ್ನು ಬಾಲ್ ಇಲ್ಲದೆ, ನಾಲ್ವರನ್ನು ಸಾಲಾಗಿ ನಿಲ್ಲಿಸಿ, ನೀವು ದೂರದಲ್ಲಿ ನಿಂತು ತಲೆ ಎತ್ತಿ, ತಲೆ ತಗ್ಗಿಸಿ, ಬೆನ್ನು ತಿರುಗಿಸಿ ತೋರಿಸುತ್ತಾ ಆಡಿಸಬಹುದು. ಹುಡುಗಿಯರಿಗೆ ಬೇಗ ಹತ್ತುತ್ತದೆ.

ಗೋಲ್ ಮುಂದೆ ನಡುವೆ ನಿಲ್ಲುವ ಇಬ್ಬರು ಡಿಫೆಂಡರ್‌ಗಳನ್ನು, ಅಂದರೆ ಸೆಂಟರ್ ಬ್ಯಾಕ್‌ಗಳನ್ನು, ಪ್ರತಿ ಪಂದ್ಯಕ್ಕೂ ಬದಲಿಸಬೇಡಿ. ಒಬ್ಬಳು ಬಾಲ್ ಕಡೆ ಹೋದರೆ ಇನ್ನೊಬ್ಬಳು ಆರೇಳು ಮೀಟರ್ ಹಿಂದೆ, ಓರೆಯಲ್ಲಿ ನಿಲ್ಲಬೇಕು. ಇದು ಹೇಳಿಕೊಟ್ಟು ಬರುವುದಕ್ಕಿಂತ ಜೊತೆಗೆ ಆಡಿ ಆಡಿ ಬರುವಂಥದ್ದು. ಆಗಾಗ ಸೈಡ್ ಬ್ಯಾಕ್ ಆಗಿಯೂ ಆಡಿಸಿ, ಚಿಕ್ಕ ವಯಸ್ಸಿನಲ್ಲಿ ಎರಡು ಜಾಗ ಕಲಿತರೆ ಮುಂದೆ ಟ್ರಯಲ್‌ನಲ್ಲಿ ಉಪಯೋಗಕ್ಕೆ ಬರುತ್ತದೆ.

ಬಾಲ್ ಒದೆಯುವುದು ಬೇರೆ, ಕೊಡುವುದು ಬೇರೆ

ಈಗಿನ ಕ್ಲಬ್‌ಗಳಿಗೆ ಬರೀ ಕ್ಲಿಯರ್ ಮಾಡುವ ಡಿಫೆಂಡರ್ ಬೇಡ. 2019ರಲ್ಲಿ ಗೋಲ್ ಕಿಕ್ ನಿಯಮ ಬದಲಾಯಿತು, ಬಾಲ್ ಬಾಕ್ಸ್ ದಾಟುವವರೆಗೆ ಕಾಯಬೇಕಿಲ್ಲ, ಕೀಪರ್ ಪಕ್ಕದಲ್ಲೇ ನಿಂತು ಬಾಲ್ ತಗೋಬಹುದು. ಅಂದಿನಿಂದ ಡಿಫೆಂಡರ್ ಕಾಲಿಗೆ ಕೆಲಸ ಇನ್ನೂ ಜಾಸ್ತಿಯಾಗಿದೆ. ಇದಕ್ಕೆ ಮನೆ ಗೋಡೆ ಸಾಕು. ದಿನಾ ಹದಿನೈದು ನಿಮಿಷ, ಎರಡೂ ಕಾಲು. ಬಾಲ್ ಗೋಡೆಗೆ ಹೊಡೆದು ಅದು ವಾಪಸ್ ಬರುವಷ್ಟರಲ್ಲಿ ಒಂದು ಸಲ ಹಿಂದೆ ತಿರುಗಿ ನೋಡಬೇಕು. ತಮ್ಮನೋ ತಂಗಿಯೋ ಹಿಂದೆ ನಿಂತು ಬೆರಳು ತೋರಿಸಲಿ, ಎಷ್ಟು ಬೆರಳು ಅಂತ ಹೇಳಿ ಆಮೇಲೆ ಬಾಲ್ ತಡೆಯಬೇಕು. ಪಕ್ಕದ ಮನೆಯವರ ಬೈಗುಳ ಮಾತ್ರ ನಿಮ್ಮ ಜವಾಬ್ದಾರಿ.

ಬರದ ಕಾಲನ್ನು ಬಿಡಬೇಡಿ. ಬಲಗಾಲಿನವಳಿಗೆ ಎಡಗಾಲು ಬಂದರೆ ಎಡ ಸೆಂಟರ್ ಬ್ಯಾಕ್ ಜಾಗಕ್ಕೆ ಅವಳೇ ರಾಣಿ, ಏಕೆಂದರೆ ಎಡಗಾಲಿನವರು ಸಿಗುವುದೇ ಕಮ್ಮಿ.

ಹೆಡ್ಡಿಂಗ್ (ತಲೆಯಿಂದ ಬಾಲ್ ಹೊಡೆಯುವುದು) ಬಗ್ಗೆ: ಅವಸರ ಬೇಡ. ಅಮೆರಿಕದಲ್ಲಿ ಹತ್ತು ವರ್ಷದವರೆಗಿನ ಮಕ್ಕಳಿಗೆ ಹೆಡ್ಡಿಂಗ್ ಪೂರ್ತಿ ನಿಲ್ಲಿಸಿದ್ದಾರೆ, 11ರಿಂದ 13ರವರಿಗೆ ಅಭ್ಯಾಸದಲ್ಲಿ ಮಿತಿ ಇಟ್ಟಿದ್ದಾರೆ. ನಮ್ಮ ಹುಡುಗಿಗೆ 14 ದಾಟಿದ ಮೇಲೆ, ಗಾಳಿ ಸ್ವಲ್ಪ ಕಮ್ಮಿ ಇರುವ ಬಾಲ್‌ನಿಂದ ಶುರು ಮಾಡಿ. ಹಣೆಯಿಂದ, ಕಣ್ಣು ಬಿಟ್ಟು, ಬಾಯಿ ಮುಚ್ಚಿ. ವಾರಕ್ಕೆ ಒಂದು ದಿನ, ಕೆಲವೇ ಸಲ. ತಲೆಗೆ ಪೆಟ್ಟು ಬಿದ್ದು ತಲೆ ಸುತ್ತಿದರೆ, ವಾಂತಿ ಬಂದ ಹಾಗಾದರೆ ಅವತ್ತಿನ ಆಟ ಮುಗಿಯಿತು, ಫೈನಲ್ ಆದರೂ ಅಷ್ಟೇ. ಡಾಕ್ಟರ್‌ಗೆ ತೋರಿಸಿ.

ಮಂಡಿ, ಬಿಸಿಲು, ಊಟ

ಹುಡುಗರಿಗಿಂತ ಹುಡುಗಿಯರಿಗೆ ಮಂಡಿಯ ಎಸಿಎಲ್ (ಮಂಡಿ ಒಳಗೆ ಎಲುಬುಗಳನ್ನು ಹಿಡಿದಿಡುವ ಕಟ್ಟು) ಹರಿಯುವ ಅಪಾಯ ಜಾಸ್ತಿ. ಇದು ಯಾರಾದರೂ ಬಂದು ಗುದ್ದಿದ್ದರಿಂದಲೇ ಆಗಬೇಕಿಲ್ಲ, ಎಷ್ಟೋ ಸಲ ಹಾರಿ ಇಳಿಯುವಾಗ, ಗಕ್ಕನೆ ತಿರುಗುವಾಗ ಮಂಡಿ ಒಳಗೆ ಮಡಚಿ ಆಗುತ್ತದೆ. ಡಿಫೆಂಡರ್ ಪಂದ್ಯವಿಡೀ ಇದನ್ನೇ ಮಾಡುತ್ತಾಳೆ. ಅದಕ್ಕೆ "ಫಿಫಾ 11 ಪ್ಲಸ್" ಅನ್ನುವ ವಾರ್ಮ್‌ಅಪ್ ಇದೆ, ಹದಿನೈದು ವ್ಯಾಯಾಮ, ಇಪ್ಪತ್ತು ನಿಮಿಷ, ವಿಶೇಷ ಸಾಮಾನು ಏನೂ ಬೇಕಿಲ್ಲ. ನಿಧಾನ ಓಟ, ಆಮೇಲೆ ಪ್ಲ್ಯಾಂಕ್, ಒಂಟಿ ಕಾಲಲ್ಲಿ ನಿಲ್ಲುವುದು, ಬೈಠಕ್, ಜಿಗಿತ, ಕೊನೆಗೆ ಜೋರು ಓಟ. ವಾರಕ್ಕೆ ಎರಡು ಸಲವಾದರೂ ಮಾಡಿಸಿ. ನಾರ್ವೆಯಲ್ಲಿ ಹದಿಹರೆಯದ ಹುಡುಗಿಯರ ತಂಡಗಳ ಮೇಲೆ ಇದನ್ನು ಪರೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿದರು, ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಪಾಲು ಕಡಿಮೆಯಾಗಿದ್ದವು. ಮೈದಾನಕ್ಕೆ ಎರಡು ಸುತ್ತು ಓಡಿಸಿ "ವಾರ್ಮ್‌ಅಪ್ ಆಯ್ತು" ಅನ್ನುವುದನ್ನು ಇನ್ನು ನಿಲ್ಲಿಸೋಣ, ಅಲ್ವಾ? ಜಿಗಿತದ ವ್ಯಾಯಾಮಗಳನ್ನು ಮಾತ್ರ ಮನೆಯ ಶಹಾಬಾದ್ ಫರ್ಸಿ ಮೇಲೆ ಮಾಡಿಸಬೇಡಿ, ಮಣ್ಣಿನ ಮೇಲೆ ಮಾಡಿಸಿ.

ಮಂಡಿಚಿಪ್ಪಿನ ಕೆಳಗಿನ ಎಲುಬು ಮುಟ್ಟಿದರೆ ನೋವು ಅಂದರೆ ಬೆಳೆಯುವ ವಯಸ್ಸಿನ ನೋವು ಇರಬಹುದು. ಆಟ ಕಮ್ಮಿ ಮಾಡಿಸಿ, ಎಲುಬಿನ ಡಾಕ್ಟರ್‌ಗೆ ತೋರಿಸಿ. "ಎಣ್ಣಿ ತಿಕ್ಕು, ಹೋಗ್ತದ" ಅಂತ ಪಂದ್ಯ ಆಡಿಸಬೇಡಿ.

ಏಪ್ರಿಲ್-ಮೇನಲ್ಲಿ ಇಲ್ಲಿ 42-43 ಡಿಗ್ರಿ. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಏಳೂವರೆಗೆ ಮುಗಿಸಿ. ಸಂಜೆ ಆರರವರೆಗೂ ನೆಲ ಕಾದಿರುತ್ತದೆ. ಓಆರ್‌ಎಸ್ ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹಾಕಿದ ಮಜ್ಜಿಗೆಯೂ ಒಳ್ಳೆಯದೇ.

ಊಟಕ್ಕೆ ಪ್ರೋಟೀನ್ ಡಬ್ಬಿ ಬೇಕು ಅನ್ನುವವರ ಮಾತು ಕೇಳಬೇಡಿ. ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಶೇಂಗಾ ಹಿಂಡಿ, ಪುಂಡಿ ಪಲ್ಯ, ಮೊಸರು, ತಿನ್ನುವ ಮನೆಯಾದರೆ ತತ್ತಿ. ಕಲಬುರಗಿ ತೊಗರಿಗೆ ಜಿಐ ಟ್ಯಾಗ್ ಸಿಕ್ಕಿದೆ, ಆದರೆ ಆಡುವ ಹುಡುಗಿಯ ತಟ್ಟೆಗೆ ಬರುವುದು ತೆಳು ಸಾರು. ಅದೇ ತೊಂದರೆ. ತಮ್ಮನಿಗೆ ಎರಡು ತತ್ತಿ, ಅವಳಿಗೆ ಒಂದೂ ಇಲ್ಲ ಅಂತಿದ್ದರೆ ಅವ್ವನ ಹತ್ತಿರ ಕೂತು ಮಾತಾಡಿ. ಎರಡನೇ ಅರ್ಧದಲ್ಲಿ ಯಾವಾಗಲೂ ಸುಸ್ತಾಗುವ ಹುಡುಗಿಗೆ "ಸ್ಟ್ಯಾಮಿನಾ ಇಲ್ಲ" ಅನ್ನುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ರಕ್ತಹೀನತೆ ನಮ್ಮ ಹುಡುಗಿಯರಲ್ಲಿ ಬಹಳ. ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣದ ಮಾತ್ರೆ ಕೊಡುತ್ತಾರೆ, ಅದನ್ನು ಬಿಸಾಡದೆ ನುಂಗಬೇಕು. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತಲ್ಲ, ನಿಂಬೆ ಹಿಂಡಿಕೊಂಡರೆ ಹತ್ತುತ್ತದೆ. ಮುಟ್ಟಿನ ದಿನ ಆಡಬಾರದು ಅಂತೇನಿಲ್ಲ, ಆಡಲು ಆಗದಿದ್ದರೆ ಹೇಳುವ ಧೈರ್ಯ ಅವಳಿಗಿರಬೇಕು. ಅದಕ್ಕೇ ಕ್ಲಬ್‌ನಲ್ಲಿ ಒಬ್ಬ ಅಕ್ಕನೋ ಮೇಡಮ್ಮೋ ಇರಲೇಬೇಕು. ಪಂದ್ಯದ ಕಿಟ್‌ನಲ್ಲಿ ಪ್ಯಾಡ್ ಇರಲಿ. ಐಸ್ ಸ್ಪ್ರೇ ಇಡುತ್ತೀರಿ, ಇದು ಯಾಕಿಲ್ಲ?

ಬೂಟಿನ ವಿಷಯ ಎರಡೇ ಮಾತು. ಗಟ್ಟಿ ನೆಲಕ್ಕೆ ಚಿಕ್ಕ ಚಿಕ್ಕ ರಬ್ಬರ್ ಹಲ್ಲಿನ ಶೂ ತಗೊಳ್ಳಿ, ಉದ್ದ ಸ್ಟಡ್ ಬೇಡ. "ಮುಂದಿನ ವರ್ಷಕ್ಕೂ ಆಗ್ತದ" ಅಂತ ಒಂದು ನಂಬರ್ ದೊಡ್ಡದು ತರಬೇಡಿ. ಶಿನ್ ಗಾರ್ಡ್ ಇಲ್ಲದೆ ಅಭ್ಯಾಸವೂ ಬೇಡ.

ಮನೆಯವರ ಹತ್ತಿರ ಮಾತು

ಅಪ್ಪನ ಒಪ್ಪಿಗೆ ಒಂದೇ ಸಾಲದು. ಅವ್ವ, ಅಜ್ಜಿ, ದೊಡ್ಡಪ್ಪ ಎಲ್ಲರನ್ನೂ ಒಂದು ಸಲ ಪಂದ್ಯಕ್ಕೆ ಕರೆಯಿರಿ. ಅವರ ಪ್ರಶ್ನೆಗಳು ಆಟದ್ದಲ್ಲ: ಎಷ್ಟೊತ್ತಿಗೆ ಬಿಡ್ತೀರಿ, ಜೊತೆಗೆ ಯಾರು ಬರ್ತಾರ, ಬಟ್ಟೆ ಎಲ್ಲಿ ಬದಲಿಸ್ತಾರ, ಕಪ್ಪಾದರ ಹೆಂಗ. ನಗಬೇಡಿ, ಒಂದೊಂದಕ್ಕೂ ಸರಿಯಾಗಿ ಉತ್ತರ ಕೊಡಿ. ಚಡ್ಡಿ ಹಾಕಲ್ಲ ಅನ್ನುವ ಮನೆಯಾದರೆ ಒಳಗೆ ಚಡ್ಡಿಯದೇ ಬಣ್ಣದ ಟೈಟ್ಸ್ ಹಾಕಬಹುದು, ನಿಯಮ ಒಪ್ಪುತ್ತದೆ. ತಲೆಗೆ ಬಟ್ಟೆ ಕಟ್ಟಿ ಆಡಲು 2014ರಿಂದ ಅಂತಾರಾಷ್ಟ್ರೀಯ ನಿಯಮದಲ್ಲೇ ಅವಕಾಶ ಇದೆ, ಕಪ್ಪು ಇಲ್ಲವೇ ಜರ್ಸಿಯ ಬಣ್ಣದ್ದಾಗಿ, ಪಿನ್ ಇಲ್ಲದೆ ಬಿಗಿಯಾಗಿರಬೇಕು. ಸ್ಥಳೀಯ ರೆಫರಿ ತಕರಾರು ಮಾಡಿದರೆ ಹೇಳಲು ಇದು ಗೊತ್ತಿರಲಿ.

ಕೋಚ್ ಯಾರೇ ಆಗಿರಲಿ, ಎಷ್ಟೇ ಒಳ್ಳೆಯವರಾಗಿರಲಿ, ಹುಡುಗಿಯನ್ನು ಒಬ್ಬಳನ್ನೇ ಬೈಕ್ ಮೇಲೆ ಕರೆದೊಯ್ಯುವುದು, ರಾತ್ರಿ ಅವಳ ನಂಬರಿಗೆ ಮೆಸೇಜ್ ಮಾಡುವುದು ಬೇಡ. ಗ್ರೂಪ್‌ನಲ್ಲಿ ಅವ್ವನೋ ಅಕ್ಕನೋ ಇರಲಿ. ಏನಾದರೂ ತಪ್ಪು ನಡೆದರೆ 1098, ಮಕ್ಕಳ ಸಹಾಯವಾಣಿ. ಈ ನಂಬರ್ ಹುಡುಗಿಯರಿಗೆ ಬಾಯಿಪಾಠ ಇರಲಿ.

ಎಸ್‌ಎಸ್‌ಎಲ್‌ಸಿ ವರ್ಷ ಆಟ ಪೂರ್ತಿ ಬಿಡಿಸುತ್ತಾರೆ. ಜಗಳ ಬೇಡ. ವಾರಕ್ಕೆ ಎರಡು ಬೆಳಿಗ್ಗೆ, ಗೋಡೆ ಪಾಸ್, ವಾರ್ಮ್‌ಅಪ್ ವ್ಯಾಯಾಮ, ಅಷ್ಟಕ್ಕೆ ಒಪ್ಪಿಸಿ. ಬಿಟ್ಟು ಬಂದವಳಿಗಿಂತ ಸ್ವಲ್ಪವಾದರೂ ಆಡುತ್ತಿದ್ದವಳು ಜೂನ್‌ನಲ್ಲಿ ಬೇಗ ಹದಕ್ಕೆ ಬರುತ್ತಾಳೆ. ಇನ್ನು ಶಾಲಾ ಟೀಮ್, ಕ್ಲಬ್, ಜಿಲ್ಲಾ ಟೀಮ್ ಮೂವರೂ ಒಂದೇ ವಾರ ಅವಳನ್ನು ಕರೆಯುತ್ತಾರೆ. ಯಾವುದೋ ಒಂದಕ್ಕೆ ಇಲ್ಲ ಅನ್ನಲೇಬೇಕು, ಮತ್ತು ಅದನ್ನು ಅನ್ನಬೇಕಾದವರು ನೀವು, ಅವಳಲ್ಲ.

ನೋಟ್‌ಬುಕ್ ಇಡಿ

ಮೊದಲು ಹೇಳಿದೆನಲ್ಲ, ಆಗದೇ ಹೋದದ್ದನ್ನು ಎಣಿಸಬೇಕು ಅಂತ. ಇಪ್ಪತ್ತು ರೂಪಾಯಿ ನೋಟ್‌ಬುಕ್, ಆಡದೆ ಕೂತ ಒಬ್ಬ ಹುಡುಗಿ, ಒಂದು ಪೆನ್ನು. ಪ್ರತಿ ಪಂದ್ಯದಲ್ಲಿ ಗೆರೆ ಹಾಕುತ್ತಾ ಹೋಗಲಿ: ಒಬ್ಬರಿಗೊಬ್ಬರು ಎದುರಾದಾಗ ಎಷ್ಟು ಸಲ ದಾಟಿಸಿಕೊಂಡಳು, ಎಷ್ಟು ಸಲ ತಡೆದು ನಿಲ್ಲಿಸಿದಳು, ಬಾಲ್ ಸಿಕ್ಕ ಮೇಲೆ ಅದು ನಮ್ಮವರಿಗೆ ಹೋಯಿತೋ ಹೊರಗೆ ಹೋಯಿತೋ, ಗೋಲ್ ಹತ್ತಿರ ಎಷ್ಟು ಫೌಲ್. ಗೋಲ್ ಆದಾಗ ಅವಳು ಎಲ್ಲಿದ್ದಳು ಅಂತ ಒಂದು ಚಿಕ್ಕ ಚಿತ್ರ.

ಒಂದು ಪಂದ್ಯದ ಲೆಕ್ಕಕ್ಕೆ ಬೆಲೆ ಇಲ್ಲ. ಎದುರಾಳಿ ಕಚ್ಚಾ ಇದ್ದರೆ ಎಲ್ಲರೂ ಚಾಂಪಿಯನ್ನೇ. ಆರೇಳು ಪಂದ್ಯ ಆದ ಮೇಲೆ ಪುಟ ತಿರುವಿ ನೋಡಿ. ಟ್ಯಾಕಲ್ ಸಂಖ್ಯೆ ಕಮ್ಮಿಯಾಗಿ, ತಡೆದು ನಿಲ್ಲಿಸಿದ್ದು ಜಾಸ್ತಿಯಾಗಿದ್ದರೆ ಅವಳು ಬೆಳೆಯುತ್ತಿದ್ದಾಳೆ. ನೆಲಕ್ಕೆ ಬಿದ್ದು ಏಳುವುದು ಕಮ್ಮಿಯಾಗಿದ್ದರೂ ಹಾಗೆಯೇ, ಮೊದಲೇ ಸರಿಯಾದ ಜಾಗದಲ್ಲಿ ಇರುವವಳಿಗೆ ಬೀಳುವ ಕೆಲಸ ಬರಲ್ಲ. ನೋಡುವವರಿಗೆ "ಇವಳು ಈಗ ಮೊದಲಿನಷ್ಟು ಆಡಲ್ಲ" ಅನಿಸಬಹುದು. ಅನ್ನಲಿ. ಈ ಪುಟ ಅವಳಿಗೆ ತೋರಿಸಿ, ಮನೆಯವರಿಗೂ ತೋರಿಸಿ.

ಪಂದ್ಯ ಸೋತ ದಿನ, ಅದೂ ಅವಳ ಕಡೆಯಿಂದ ಗೋಲ್ ಆದ ದಿನ, ಆಗಲೇ ಪಾಠ ಬೇಡ. ಬಸ್ಸಿನಲ್ಲಂತೂ ಬೇಡವೇ ಬೇಡ. ಎರಡು ದಿನ ಬಿಟ್ಟು ಮೈದಾನದಲ್ಲಿ ಅದೇ ಜಾಗದಲ್ಲಿ ನಿಲ್ಲಿಸಿ, ಅದೇ ಸನ್ನಿವೇಶ ನಿಧಾನವಾಗಿ ಆಡಿಸಿ, "ಇಲ್ಲಿ ಏನು ಕಂಡಿತ್ತು ನಿನಗೆ?" ಅಂತ ಕೇಳಿ. ಹೆಚ್ಚಿನ ಸಲ ಉತ್ತರ ಅವಳ ಹತ್ತಿರವೇ ಇರುತ್ತದೆ.

ಯಾರ ಆಟ ನೋಡಬೇಕು ಅಂದರೆ, ಮಣಿಪುರದ ಆಶಾಲತಾ ದೇವಿ. ಭಾರತ ತಂಡದ ಡಿಫೆಂಡರ್, ನಾಯಕಿಯಾಗಿದ್ದವರು, 2024ರಲ್ಲಿ 100 ಅಂತಾರಾಷ್ಟ್ರೀಯ ಪಂದ್ಯ ಮುಟ್ಟಿದ ಮೊದಲ ಭಾರತೀಯ ಮಹಿಳೆ. ಜಾರ್ಖಂಡದ ಗುಮ್ಲಾ ಜಿಲ್ಲೆಯ ಹಳ್ಳಿಯಿಂದ ಬಂದ ಅಷ್ಟಮ್ ಉರಾಂವ್ 2022ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತದ ನಾಯಕಿ, ಅವರೂ ಡಿಫೆಂಡರ್. 2025ರ ಜುಲೈನಲ್ಲಿ ಥಾಯ್ಲೆಂಡ್ ತಂಡವನ್ನು ಅವರ ನೆಲದಲ್ಲೇ 2-1ರಿಂದ ಸೋಲಿಸಿ ನಮ್ಮವರು ಏಷ್ಯಾ ಕಪ್‌ಗೆ ಅರ್ಹತೆ ಪಡೆದ ಪಂದ್ಯ ಹುಡುಕಿ ನೋಡಿ. ನೋಡುವಾಗ ಬಾಲ್ ಹಿಂದೆ ಹೋಗಬೇಡಿ, ಒಬ್ಬ ಡಿಫೆಂಡರ್ ಆರಿಸಿಕೊಂಡು ಹತ್ತು ನಿಮಿಷ ಅವಳನ್ನೇ ನೋಡಿ.

ಕಲಬುರಗಿಯಿಂದ ಮುಂದಕ್ಕೆ

ಶಾಲೆಯ ದಾರಿ ಎಲ್ಲರಿಗೂ ಗೊತ್ತಿರುವುದೇ: ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ, ಆಮೇಲೆ ಶಾಲಾ ರಾಷ್ಟ್ರೀಯ ಕ್ರೀಡಾಕೂಟ. 14, 17, 19 ವರ್ಷದೊಳಗಿನ ವಿಭಾಗಗಳು. ಶಾಲಾ ತಂಡಗಳ ರಾಷ್ಟ್ರೀಯ ಟೂರ್ನಿ ಸುಬ್ರತೋ ಕಪ್‌ನಲ್ಲಿ 17ರೊಳಗಿನ ಹುಡುಗಿಯರ ವಿಭಾಗವೂ ಇದೆ, ನಿಮ್ಮ ಶಾಲೆ ಅರ್ಜಿ ಹಾಕಿದೆಯಾ ಕೇಳಿ. ಕ್ರೀಡಾ ಇಲಾಖೆಯ ಹಾಸ್ಟೆಲ್ ಆಯ್ಕೆಯ ಪ್ರಕಟಣೆ ಯಾವಾಗ ಬರುತ್ತದೆ ಅಂತ ಜಿಲ್ಲಾ ಕ್ರೀಡಾಂಗಣದ ಕಚೇರಿಯಲ್ಲಿ ವಿಚಾರಿಸುತ್ತಾ ಇರಿ. ನೋಟಿಸ್ ಬೋರ್ಡ್ ನಂಬಿಕೊಂಡು ಕೂತರೆ ತಾರೀಖು ದಾಟಿರುತ್ತದೆ.

ಕ್ಲಬ್ ದಾರಿ ಬೆಂಗಳೂರಿನದು. ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ ಅಲ್ಲಿ ಮಹಿಳಾ ಲೀಗ್ ನಡೆಸುತ್ತದೆ. ಕಿಕ್‌ಸ್ಟಾರ್ಟ್‌ನಂಥ ಕ್ಲಬ್ 2016-17ರಲ್ಲಿ ಶುರುವಾದ ಇಂಡಿಯನ್ ವಿಮೆನ್ಸ್ ಲೀಗ್‌ವರೆಗೂ ಹೋಗಿ ಆಡಿದೆ. ಹುಡುಗಿ ಸಿದ್ಧ ಆದ ಮೇಲೆ ಟ್ರಯಲ್‌ಗೆ ಕರೆದೊಯ್ಯಿರಿ, 15ಕ್ಕೇ ಅವಸರ ಮಾಡಿ ಅಲ್ಲಿ ಪಿಜಿಯಲ್ಲಿ ಬಿಟ್ಟು ಬರಬೇಡಿ. ಇಲ್ಲಿ ಪ್ರತಿ ವಾರ ಪೂರ್ತಿ ಪಂದ್ಯ ಆಡುವುದು ಅಲ್ಲಿ ಬೆಂಚ್ ಮೇಲೆ ಕೂರುವುದಕ್ಕಿಂತ ಲಾಭ ಅಂತ ನನ್ನ ಲೆಕ್ಕ. ಬೇರೆಯವರ ಲೆಕ್ಕ ಬೇರೆ ಇರಬಹುದು.

ಕಾಗದ ಪತ್ರ ಮೊದಲೇ ಸರಿ ಮಾಡಿಟ್ಟುಕೊಳ್ಳಿ. ಜನನ ಪ್ರಮಾಣ ಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇರಬೇಕು. ನಮ್ಮ ಕಡೆ ಶಾಲೆಗೆ ಸೇರಿಸುವಾಗ ಜೂನ್ 1 ಅಂತ ಬರೆಸಿದ ಹುಡುಗಿಯರು ಎಷ್ಟಿಲ್ಲ! ವಯಸ್ಸು ಕಮ್ಮಿ ತೋರಿಸುವ ಆಸೆಯಂತೂ ಬೇಡ, ದೊಡ್ಡ ಟೂರ್ನಿಗಳಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗೆದು ವಯಸ್ಸು ನೋಡುತ್ತಾರೆ.

ಖರ್ಚಿಗೆ ಒಂದು ದಾರಿ: ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ, ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಿನಲ್ಲಿ ಹುಡುಗಿಗೂ ಅವ್ವನಿಗೂ ಟಿಕೆಟ್ ದುಡ್ಡು ಇಲ್ಲ. ಆದರೆ ರಾತ್ರಿಯಿಡೀ ಕೂತು ಹೋಗಿ ಬೆಳಿಗ್ಗೆ ಇಳಿದ ತಕ್ಷಣ ಟ್ರಯಲ್ ಆಡಿಸಿದರೆ ಕಾಲು ಏಳಲ್ಲ. ಒಂದು ದಿನ ಮೊದಲೇ ಹೋಗಿ, ಇಲ್ಲ ರೈಲಿನಲ್ಲಿ ಮಲಗಿ ಹೋಗುವ ಹಾಗೆ ರಿಸರ್ವೇಶನ್ ಮಾಡಿಸಿ.

ಕ್ಲಬ್‌ನವರು ವಿಡಿಯೋ ಕಳಿಸಿ ಅಂದರೆ ಬಾಲ್ ದೂರ ಒದ್ದದ್ದು, ಬಿದ್ದು ಬಾಲ್ ಕಸಿದದ್ದು ಇಷ್ಟನ್ನೇ ಕತ್ತರಿಸಿ, ಹಿಂದೆ ಹಾಡು ಹಾಕಿ ಕಳಿಸಬೇಡಿ. ಡಿಫೆಂಡರ್ ನೋಡುವವರಿಗೆ ಅದರಿಂದ ಏನೂ ತಿಳಿಯಲ್ಲ. ಒಳ್ಳೆ ಎದುರಾಳಿ ಮೇಲಿನ ಒಂದು ಪೂರ್ತಿ ಅರ್ಧ, ಕತ್ತರಿಸದೆ. ಗ್ಯಾಲರಿ ಮೇಲಿನ ಮೆಟ್ಟಿಲಿಗೆ ಹತ್ತಿ, ಫೋನ್ ಅಡ್ಡ ಹಿಡಿದು, ಬಾಲ್ ಎಲ್ಲೇ ಹೋಗಲಿ ಅವಳು ಫ್ರೇಮ್‌ನಲ್ಲಿ ಇರುವ ಹಾಗೆ. ಅವಳ ನಂಬರ್, ಜಾಗ, ಯಾವ ಕಾಲಿನವಳು ಅಂತ ಮೆಸೇಜ್‌ನಲ್ಲಿ ಬರೆಯಿರಿ. ವಿಡಿಯೋ ಮಾಡುವವರು ಪಕ್ಕದಲ್ಲಿ ಕೂಗಾಡಬೇಡಿ, ಮೈದಾನದಲ್ಲಿ ಅವಳು ಕೂಗುವುದು ಅದರಲ್ಲಿ ಕೇಳಿಸಬೇಕು.